ಚಕ್ರದ ಬೆಂಡು

ಹೊಸದಾಗಿ ಕೊಂಡ ಅಗ್ಗದ ಸೈಕಲ್ಲಿನ ಚಕ್ರ ನೆಟ್ಟಗೆ ತಿರುಗಬೇಕೆಂಬ ನಿಯಮವೇನೂ ಇಲ್ಲ. ಹ್ಯಾಂಡಲಿಗೆ ಸುತ್ತಿದ ಕಾಗದ ಬಿಚ್ಚಿರುವುದಿಲ್ಲ, ಪೂಜೆಯ ಕುಂಕುಮ ಮಾಸಿರುವುದಿಲ್ಲ. ಆಗಲೇ ಹಿಂದಿನ ಚಕ್ರ ಜಾತ್ರೆಯಿಂದ ಮರಳುವ ಕುಡುಕನಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲತೊಡಗಿರುತ್ತದೆ. ಮಾರಿದವರನ್ನು ಕೇಳಿದರೆ ಸಿದ್ಧವಾದ ಉತ್ತರವೊಂದುಂಟು: "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ." ಮದುವೆಯಾದರೆ ಹುಡುಗನಿಗೆ ಬುದ್ಧಿ ಬರುತ್ತದೆಂಬ ಹಿರಿಯರ ಭರವಸೆಗೆ ಇದು ಸಮಾನವಾದದ್ದು. ಹುಡುಗನ ಮಾತು ಹೇಗೋ, ಸೈಕಲ್ಲಿನ ಮಟ್ಟಿಗಂತೂ ಇದು ಶುದ್ಧ ಸುಳ್ಳು. ಓಡಿಸಿದಷ್ಟೂ ಸಡಿಲ ಕಡ್ಡಿ ಮತ್ತಷ್ಟು ಸಡಿಲವಾಗುತ್ತದೆ. ಸುತ್ತುಸುತ್ತಿಗೂ ಬಿಗಿದು ಸಡಿಲಿ, ಬಿಗಿದು ಸಡಿಲಿ, ಹಬ್ಬಿಗೆ ಸಿಕ್ಕಿಸಿದ ಬಾಗಿನಲ್ಲಿ ದಣಿದು, ಒಂದು ದಿನ ತುಂಡಾಗುತ್ತದೆ. ಆ ಮೇಲೆ ಅದರ ಪಾಲಿನ ಹೊರೆ ನೆರೆಯವುಗಳ ಮೇಲೆ.

ನಮ್ಮ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳಿಗೆ ಇಂಥದೊಂದು ಸೈಕಲ್ಲು ಬಂತು. ಅವಳ ಹಳ್ಳಿಗೆ ಬೆಳಗಿನ ಬಸ್ಸು ಒಂದೇ. ಅದು ತಪ್ಪಿದರೆ ಆ ದಿನದ ಪಾಠವೂ ತಪ್ಪಿದಂತೆ. ತಂದೆ ಹಾಲು ಮಾರಿದ ಹಣ ಕೂಡಿಟ್ಟು ಸೈಕಲ್ಲು ತೆಗೆದುಕೊಟ್ಟಿದ್ದರು. ಮೂರನೆಯ ವಾರದಿಂದ ಅವಳು ತಡವಾಗಿ ಬರತೊಡಗಿದಳು. ಕಾರಣ ಕೇಳಿದೆ.

"ಚಕ್ರ ಬ್ರೇಕಿಗೆ ಉಜ್ಜುತ್ತೆ ಸರ್. ಅದಕ್ಕೇ ಹಿಂದಿನ ಬ್ರೇಕು ಬಿಚ್ಚಿಬಿಟ್ಟಿದೀನಿ. ಕೆರೆ ಏರಿ ಇಳಿಯೋ ಕಡೆ ಭಯ ಆಗುತ್ತೆ, ತಳ್ಳಿಕೊಂಡು ಬರ್ತೀನಿ."

"ರಿಪೇರಿ ಮಾಡಿಸಬಾರದೇನಮ್ಮ?"

"ಹೊಸ ಗಾಡಿಗೆ ಎಂಥ ರಿಪೇರಿ, ಮಾರಿಬಿಡ್ತೀನಿ ಅಂತಾರೆ ಅಪ್ಪ."

ಸೈಕಲ್ಲು ಮಾರಿದರೆ ಕಾಲೇಜೂ ನಿಲ್ಲುತ್ತದೆ ಎಂಬುದನ್ನು ಅವಳು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬಾಲ್ಯದ ಬೇಸಗೆಗಳನ್ನು ಸೈಕಲ್ ಷಾಪಿನ ಬೆಂಚಿನ ಮೇಲೆ ಕಳೆದವನಾದ್ದರಿಂದ, ಬೆಂಡು ತೆಗೆಯುವ ವಿದ್ಯೆ ನನಗೆ ತಕ್ಕಮಟ್ಟಿಗೆ ಬರುತ್ತದೆ. ಸಂಜೆ ನಿಲ್ಲಲು ಹೇಳಿದೆ.

ಈ ವಿದ್ಯೆಯ ಮೂಲದಲ್ಲಿ ಒಂದು ವಿಚಿತ್ರವಿದೆ. ನಮ್ಮ ಉಪನಿಷತ್ತುಗಳಿಗೆ ಚಕ್ರದ ಉಪಮೆ ಬಹು ಪ್ರಿಯವಾದದ್ದು; ನಾಭಿಯಲ್ಲಿ ಅರಗಳು ನೆಲೆಗೊಂಡಿರುವ ಚಿತ್ರ ಪ್ರಶ್ನ, ಮುಂಡಕ, ಬೃಹದಾರಣ್ಯಕ ಮೂರರಲ್ಲಿಯೂ ಬರುತ್ತದೆ. ಆದರೆ ಅದು ರಥದ ಚಕ್ರ. ಅದರ ಮರದ ಅರಗಳು ಕಂಬಗಳಂತೆ ನಿಂತು ಭಾರ ಹೊರುವಂಥವು. ನಮ್ಮ ಎತ್ತಿನ ಗಾಡಿಯವೂ ಹಾಗೆಯೇ. ಸೈಕಲ್ಲಿನ ಕಡ್ಡಿಗೆ ಆ ತ್ರಾಣವೆಲ್ಲಿಯದು? ಒತ್ತಿದರೆ ಬಾಗುತ್ತದೆ. ಅದು ಬಲ್ಲದ್ದು ಎಳೆಯುವುದನ್ನು ಮಾತ್ರ. ಹಾರುವ ಯಂತ್ರದ ಕನಸು ಕಂಡ ಇಂಗ್ಲೆಂಡಿನ ಜಾರ್ಜ್ ಕೇಲಿ, ಅದಕ್ಕೆ ಹಗುರವಾದ ಗಾಲಿ ಬೇಕೆಂದು 1808ರಲ್ಲಿ ಈ ಎಳೆತದ ಚಕ್ರವನ್ನು ಕಲ್ಪಿಸಿದ. ವಿಮಾನಕ್ಕೆ ಮೊದಲು ಅದು ಸೈಕಲ್ಲಿಗೆ ಒದಗಿತು. 1874ರಲ್ಲಿ ಜೇಮ್ಸ್ ಸ್ಟಾರ್ಲಿ ಕಡ್ಡಿಗಳನ್ನು ನೇರವಾಗಿ ನೆಡದೆ, ಹಬ್ಬಿನ ಅಂಚಿನಿಂದ ಓರೆಯಾಗಿ ಒಂದನ್ನೊಂದು ಹಾಯ್ದುಹೋಗುವಂತೆ ಹೆಣೆಯುವ ಕ್ರಮಕ್ಕೆ ಹಕ್ಕುಪತ್ರ ಪಡೆದ. ಇಂದಿಗೂ ನಮ್ಮ ಬೀದಿಯ ಸೈಕಲ್ಲುಗಳ ಹೆಣಿಗೆ ಅದೇ.

ಬಿಗಿದ ಕಡ್ಡಿಗಳೆಲ್ಲ ರಿಮ್ಮನ್ನು ಸುತ್ತಲಿಂದಲೂ ನಡುವಿಗೆ ಎಳೆಯುತ್ತಿರುತ್ತವೆ. ನಾವು ಸೀಟಿನ ಮೇಲೆ ಕುಳಿತಾಗ ನೆಲದ ಕಡೆಯ ನಾಲ್ಕಾರು ಕಡ್ಡಿಗಳ ಬಿಗಿ ಕೊಂಚ ಇಳಿಯುತ್ತದೆ. ಮೇಲಿನವು ಬಹುಮಟ್ಟಿಗೆ ಇದ್ದಂತೆಯೇ ಇರುತ್ತವೆ. ಮೊದಲ ಬಿಗಿಯೇ ಸಾಲದಿದ್ದರೆ ಕೆಳಗಿನವು ಪೂರ್ಣ ಜೋತುಬಿದ್ದಂತಾಗುವುದು ಸಹಜ. ಅಗ್ಗದ ಸೈಕಲ್ಲಿನ ರೋಗ ಇರುವುದು ಇಲ್ಲಿ. ಕಡ್ಡಿ, ರಿಮ್ಮು ತೀರ ಕಳಪೆಯಲ್ಲದಿದ್ದರೂ ಅವನ್ನು ತಿದ್ದುವ ಕೊನೆಯ ಅರ್ಧ ಗಂಟೆಯ ಕೈಕೆಲಸವನ್ನು ಬೆಲೆಯಿಂದ ಕಳೆದಿರುತ್ತಾರೆ.

ಸೈಕಲ್ಲನ್ನು ಜಗಲಿಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದೆವು. ಮೊದಲು ರಿಮ್ಮು ಹಿಡಿದು ಅಡ್ಡಡ್ಡ ಅಲುಗಿಸಿ ನೋಡಬೇಕು. ಹಬ್ಬಿನಲ್ಲಿ ಕಟಕಟವೆಂದರೆ ತಪ್ಪು ಕಡ್ಡಿಯದಲ್ಲ, ಅಚ್ಚಿನ ಕೋನು ಸಡಿಲವಾಗಿದೆಯೆಂದು ಅರ್ಥ. ಅದನ್ನು ಬಿಗಿಯದೆ ಕಡ್ಡಿಗಳನ್ನು ಮುಟ್ಟುವುದು ವ್ಯರ್ಥ. ನಮ್ಮ ಚಕ್ರದಲ್ಲಿ ಆ ದೋಷವಿರಲಿಲ್ಲ. ಸೀಮೆಸುಣ್ಣವನ್ನು ಚೌಕಟ್ಟಿಗೆ ಆನಿಸಿ ರಿಮ್ಮಿನ ಪಕ್ಕಕ್ಕೆ ಹಿಡಿದು ಚಕ್ರ ತಿರುಗಿಸಿದರೆ, ವಾಲಿದ ಜಾಗದಲ್ಲಿ ಮಾತ್ರ ಬಿಳಿಯ ಗುರುತು ಬೀಳುತ್ತದೆ. ಆ ಗುರುತಿನ ಬಳಿ, ಎದುರು ಬದಿಯ ಹಬ್ಬಿನಂಚಿನಿಂದ ಬಂದ ಕಡ್ಡಿಗಳ ನಿಪ್ಪಲ್ಲುಗಳನ್ನು ಕಾಲು ಸುತ್ತು ಬಿಗಿಯಬೇಕು. ಈ ಬದಿಯವು ಅತಿಯಾಗಿ ಬಿಗಿದಿದ್ದರೆ ಅಷ್ಟೇ ಸಡಿಲಿಸಬೇಕು. ಟೈರಿನ ಕಡೆಯಿಂದ ನೋಡುವಾಗ ಗಡಿಯಾರದ ಮುಳ್ಳಿನ ದಿಕ್ಕು ಬಿಗಿಯುವ ದಿಕ್ಕು. ಹಬ್ಬಿನ ಕಡೆಯಿಂದ ನೋಡಿದರೆ ಎಲ್ಲವೂ ತಿರುಗುಮುರುಗು. ಕಲಿಯುವವರು ತಡವರಿಸುವುದು ಇಲ್ಲಿಯೇ. ಕಾಲು ಸುತ್ತಿಗಿಂತ ಹೆಚ್ಚು ಕೂಡದು. ಆತುರಪಟ್ಟರೆ ಒಂದು ಬೆಂಡಿನ ಸ್ಥಾನದಲ್ಲಿ ಮೂರು ಹುಟ್ಟುತ್ತವೆ.

ಬಿಗಿಯನ್ನು ತಿಳಿಯುವುದು ಕಿವಿಯಿಂದ. ಕಡ್ಡಿಯನ್ನು ಉಗುರಿನಿಂದ ಮೀಟಿದರೆ ಸ್ವರ ಹೊರಡುತ್ತದೆ. ಸಡಿಲವಾದದ್ದು ಮೊದ್ದಾಗಿ 'ದೊಳ್' ಎನ್ನುತ್ತದೆ. ಒಂದೇ ಬದಿಯ ಕಡ್ಡಿಗಳೆಲ್ಲ ಹತ್ತಿರಹತ್ತಿರದ ಶ್ರುತಿಯಲ್ಲಿರಬೇಕು. ಹಿಂದಿನ ಚಕ್ರದಲ್ಲಿ ಮಾತ್ರ, ಫ್ರೀವೀಲು ಕುಳಿತ ಬಲಬದಿಯವು ಎಡಗಡೆಯವಕ್ಕಿಂತ ಏರುದನಿಯಲ್ಲಿ ನುಡಿಯುವುದು ನ್ಯಾಯವೇ. ಹುಡುಗಿ ಊರಿನ ಭಜನೆಯಲ್ಲಿ ಹಾಡುವವಳಂತೆ. ಹತ್ತು ಕಡ್ಡಿ ಮೀಟುವಷ್ಟರಲ್ಲಿ ನನಗಿಂತ ಚೆನ್ನಾಗಿ ಗುರುತಿಸತೊಡಗಿದಳು. ಕೀಲಿಯನ್ನು ಅವಳ ಕೈಗೇ ಕೊಟ್ಟು ನಾನು ಸೀಮೆಸುಣ್ಣ ಹಿಡಿದೆ. ಮೂವತ್ತಾರು ಕಡ್ಡಿಗಳ ಚಕ್ರ. ಒಂದು ಗಂಟೆ ಹಿಡಿಯಿತು. ಬೆರಳು ತೂರುವಷ್ಟಿದ್ದ ಓಲಾಟ ಒಂದೆರಡು ಮಿಲಿಮೀಟರಿಗೆ ಇಳಿಯಿತು. ಬ್ರೇಕಿನ ರಬ್ಬರು ಎಲ್ಲಿಯೂ ಉಜ್ಜಲಿಲ್ಲ.

ರಿಮ್ಮಿನ ಬೆಸುಗೆಯ ಬಳಿಯ ಸಣ್ಣ ಉಬ್ಬೊಂದು ಹಾಗೆಯೇ ಉಳಿಯಿತು. ಬ್ರೇಕು ಹಿಡಿದಾಗ ಅಲ್ಲಿ ಟಕ್ಕೆನ್ನುತ್ತದೆ; ಅದಕ್ಕೆ ಕಡ್ಡಿಗಳಲ್ಲಿ ಮದ್ದಿಲ್ಲ. ಹೊಸ ಕಡ್ಡಿಗಳು ತಮ್ಮ ತಮ್ಮ ಜಾಗದಲ್ಲಿ ಕೂರುವಾಗ ಮತ್ತೆ ಕೊಂಚ ಸಡಿಲುವುದರಿಂದ, ಒಂದು ತಿಂಗಳು ಬಿಟ್ಟು ಇನ್ನೊಮ್ಮೆ ಮೀಟಿ ನೋಡಬೇಕೆಂದು ಹೇಳಿದ್ದೇನೆ. ಕೀಲಿ ಅವಳ ಪುಸ್ತಕದ ಚೀಲದಲ್ಲಿದೆ.