ಚಿಟಿಕೆ ಉಪ್ಪು, ಹಿಡಿ ಬೆಲ್ಲ: ನಾನು ಕಂಡ ಬಾಂಗ್ಲಾದೇಶ

2020ರ ಅಕ್ಟೋಬರ್‌ನಲ್ಲಿ ಐಎಂಎಫ್‌ನ ಒಂದು ಅಂದಾಜು ಹೊರಬಿತ್ತು. ಆ ವರ್ಷ ತಲಾ ಜಿಡಿಪಿಯಲ್ಲಿ ಬಾಂಗ್ಲಾದೇಶ ಭಾರತವನ್ನು ಕೂದಲೆಳೆಯಷ್ಟು ಹಿಂದೆ ಹಾಕಲಿದೆ ಎಂದು. ಇಲ್ಲಿ ಮುಂಬಯಿಯಲ್ಲಿ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅಂದು ದೊಡ್ಡ ಗದ್ದಲ. 'ಬಾಂಗ್ಲಾದೇಶಿ' ಎಂಬ ಮಾತು ಈ ಊರಿನಲ್ಲಿ ಬೈಗುಳವಾಗಿಯೇ ಹೆಚ್ಚು ಚಾಲ್ತಿಯಲ್ಲಿದೆ; ಅವರು ನಮಗಿಂತ ಮುಂದೆ ಹೋಗುವುದೆಂದರೇನು? ಕೋವಿಡ್ ವರ್ಷದ ಡಾಲರ್ ಲೆಕ್ಕಕ್ಕೆ ನಾನೂ ಹೆಚ್ಚು ಬೆಲೆ ಕೊಡುವುದಿಲ್ಲ. ಆದರೆ ಬಟ್ಟೆ ವ್ಯಾಪಾರದ ಕೆಲಸದ ಮೇಲೆ 1994ರಿಂದ ಢಾಕಾ, ಚಿತ್ತಗಾಂಗ್ ಕಡೆ ಹೋಗಿಬರುತ್ತಿದ್ದವನಿಗೆ ಆ ಸುದ್ದಿಯಿಂದ ಆಘಾತವೇನೂ ಆಗಲಿಲ್ಲ.

ಎಲ್ಲಿಂದ ಹೊರಟ ದೇಶ ಅದು ಎಂಬುದನ್ನು ಒಮ್ಮೆ ನೆನೆಯಬೇಕು. 1970ರ ನವೆಂಬರ್‌ನ ಚಂಡಮಾರುತಕ್ಕೆ ಕನಿಷ್ಠ 3 ಲಕ್ಷ ಜನ ಬಲಿ. ಮರುವರ್ಷ ಯುದ್ಧ, ಕೋಟಿಯಷ್ಟು ಜನ ನಿರಾಶ್ರಿತರಾಗಿ ನಮ್ಮ ಗಡಿಯೊಳಗೆ. 1974ರಲ್ಲಿ ಕ್ಷಾಮ. ಹುಟ್ಟಿದ ಸಾವಿರ ಮಕ್ಕಳಲ್ಲಿ 200ಕ್ಕೂ ಹೆಚ್ಚು ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಈಗ ಆ ಸಂಖ್ಯೆ ಸುಮಾರು 30. ಒಬ್ಬ ಹೆಂಗಸಿಗೆ ಸರಾಸರಿ ಏಳರ ಹತ್ತಿರ ಇದ್ದ ಮಕ್ಕಳ ಸಂಖ್ಯೆ ಎರಡರ ಆಸುಪಾಸಿಗೆ ಇಳಿದಿದೆ.

ಇದು ಹೇಗಾಯಿತು ಎಂಬುದನ್ನು ನನಗೆ ಅರ್ಥ ಮಾಡಿಸಿದ್ದು ಗಾಜೀಪುರದ ಕಾರ್ಖಾನೆಯೊಂದರ ಮಹಿಳಾ ಸೂಪರ್‌ವೈಸರ್. ಅಲ್ಲಿ ಎಲ್ಲರೂ ಕರೆಯುವಂತೆ ನಾನೂ ಅವರನ್ನು 'ಆಪಾ' ಎಂದೇ ಕರೆಯುತ್ತೇನೆ. ಅವರ ತಾಯಿ ಹೆತ್ತದ್ದು ಎಂಟು, ಉಳಿದದ್ದು ಐದು. ಹೋದ ಮೂರೂ ಮಕ್ಕಳು ವಾಂತಿ-ಭೇದಿಯಲ್ಲೇ ಹೋದವು. ಆಪಾ ಏಳೆಂಟು ವರ್ಷದವರಿದ್ದಾಗ ಒಬ್ಬ ಹೆಂಗಸು ಮನೆಯಂಗಳಕ್ಕೆ ಬಂದು ಕೂತು ತಾಯಿಗೆ ಪಾಠ ಹೇಳಿದಳಂತೆ: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಆಪಾ ಇಂದಿಗೂ ಅದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ.

ಅದು ಬ್ರಾಕ್ ಎಂಬ ಸಂಸ್ಥೆಯ ಕೆಲಸ. 1980ರಿಂದ ಹತ್ತು ವರ್ಷ ಅವರ ಕಾರ್ಯಕರ್ತೆಯರು ಹಳ್ಳಿ ಹಳ್ಳಿ ನಡೆದು 1.2 ಕೋಟಿಗೂ ಹೆಚ್ಚು ಮನೆಗಳ ಬಾಗಿಲು ತಟ್ಟಿದರು. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಸಂಬಳದ ಲೆಕ್ಕ. ಎಷ್ಟು ಮನೆ ಸುತ್ತಿದೆ ಎಂದು ಹೇಳಿದರೆ ಸಾಲದು. ಕೆಲವು ವಾರ ಬಿಟ್ಟು ಬೇರೆಯವರು ಹೋಗಿ ಆಯ್ದ ಮನೆಗಳ ತಾಯಂದಿರನ್ನು ಕೇಳುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದಕ್ಕೆ ತಕ್ಕಂತೆ ಕಲಿಸಿದವಳಿಗೆ ದುಡ್ಡು. ರಿಜಿಸ್ಟರಿನಲ್ಲಿ ಟಿಕ್ ಹಾಕಿ ಮುಗಿಸುವ ನಮ್ಮ ಎಷ್ಟೋ ಯೋಜನೆಗಳು ಇದನ್ನೊಂದು ಕಲಿತಿದ್ದರೆ! ಕುಟುಂಬ ಯೋಜನೆಯೂ ಹೀಗೆಯೇ ಮನೆಬಾಗಿಲಿಗೆ ಹೋಯಿತು. ಹೆಂಗಸರು ಪರ್ದೆ ದಾಟಿ ಆಸ್ಪತ್ರೆಗೆ ಬರಲಾರರು, ಹಾಗಾಗಿ ಹೆಂಗಸರೇ ಮಾತ್ರೆ ಹಿಡಿದು ಒಳಮನೆಗೆ ಹೋದರು.

ಅನ್ನದ ಕತೆ ಇನ್ನೊಂದು. ಸ್ವಾತಂತ್ರ್ಯ ಬಂದಾಗ 7 ಕೋಟಿ ಜನ, ಸುಮಾರು 1 ಕೋಟಿ ಟನ್ ಅಕ್ಕಿ. ಈಗ 17 ಕೋಟಿ ಜನ, ಮೂರೂವರೆ ಕೋಟಿ ಟನ್ನಿಗೂ ಮೇಲೆ ಅಕ್ಕಿ. 1980ರ ದಶಕದ ಕೊನೆಗೆ ಸಣ್ಣ ಡೀಸೆಲ್ ಇಂಜಿನ್‌ಗಳ ಆಮದಿಗಿದ್ದ ಅಡ್ಡಿಗಳನ್ನು ಸಡಿಲಿಸಿದರು. ಅಗ್ಗದ ಇಂಜಿನ್ ಬಂದು ಕೊಳವೆಬಾವಿಗೆ ಕೂತಿತು, ಬೇಸಿಗೆಯಲ್ಲಿ ಕೊಯ್ಯುವ 'ಬೋರೋ' ಭತ್ತ ದೇಶದ ಮುಖ್ಯ ಬೆಳೆಯಾಯಿತು. ನಾನು ಮೊದಲು ಕಂಡ ಹುಲ್ಲು ಮಾಡುಗಳ ಜಾಗದಲ್ಲಿ ಈಗೆಲ್ಲ ತಗಡು.

ಎಲ್ಲವೂ ಸಲೀಸಾಗಲಿಲ್ಲ. ಕೆರೆ ನೀರು ಕುಡಿದು ಮಕ್ಕಳು ಸಾಯಬಾರದೆಂದು ಹಳ್ಳಿಗಳಲ್ಲಿ ಹಾಕಿಸಿದ ಕೈಪಂಪುಗಳ ನೀರಿನಲ್ಲೇ ಆರ್ಸೆನಿಕ್ ಇದೆಯೆಂದು 1993ರಲ್ಲಿ ಗೊತ್ತಾಯಿತು. ಪರೀಕ್ಷೆ ಮಾಡಿ ವಿಷದ ಪಂಪಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಕೆಂಪು ಪಂಪಿನಿಂದಲೇ ಕೊಡ ತುಂಬುವವರನ್ನೂ ನಾನು ಕಂಡಿದ್ದೇನೆ. ಹಸಿರು ಪಂಪು ಮೈಲು ದೂರ.

ಚಂಡಮಾರುತ ಈಗಲೂ ಬರುತ್ತದೆ. 1991ರಲ್ಲಿ ಸುಮಾರು 1.38 ಲಕ್ಷ ಜನ ಸತ್ತಿದ್ದರು, ಅವರಲ್ಲಿ ಹೆಂಗಸರೇ ಹೆಚ್ಚು. 2020ರ ಅಂಫಾನ್‌ನಲ್ಲಿ ಅಲ್ಲಿ ಸತ್ತವರು ಕೆಲವೇ ಹತ್ತುಗಳಲ್ಲಿ. ಮುನ್ಸೂಚನೆ, ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಶಾಲೆಯೂ ಆಗುವ ಆಶ್ರಯಕೇಂದ್ರ, ಮೆಗಾಫೋನ್ ಹಿಡಿದು ಊರೂರು ಕೂಗುವ ಸ್ವಯಂಸೇವಕರು — ಇಷ್ಟೇ.

ಇನ್ನು ನನ್ನ ಕಸುಬಿನ ಮಾತು. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಕಂಪನಿ ಕೊರಿಯಾದ ಡೇವೂ ಜೊತೆ ಒಪ್ಪಂದ ಮಾಡಿಕೊಂಡು 130 ಜನರನ್ನು ಅಲ್ಲಿಗೆ ತರಬೇತಿಗೆ ಕಳಿಸಿತು. ಕಲಿತು ಬಂದವರಲ್ಲಿ ಎಷ್ಟೋ ಮಂದಿ ಮುಂದೆ ತಮ್ಮದೇ ಕಾರ್ಖಾನೆ ತೆರೆದರು. ಇಲ್ಲಿ ಗಿರಣಗಾಂವ್‌ನ ಗಿರಣಿಗಳು 1982ರ ಮುಷ್ಕರದ ನಂತರ ಒಂದೊಂದೇ ಬಾಗಿಲು ಹಾಕುತ್ತಿದ್ದ ಕಾಲಕ್ಕೆ ಅಲ್ಲಿ ಹೊಲಿಗೆ ಮೆಷಿನ್‌ಗಳು ಸದ್ದು ಮಾಡತೊಡಗಿದ್ದವು. ಈಗ ಸುಮಾರು 40 ಲಕ್ಷ ಕಾರ್ಮಿಕರು, ಅರ್ಧಕ್ಕಿಂತ ಹೆಚ್ಚು ಹೆಂಗಸರು. ಬೆಳಿಗ್ಗೆ ಏಳೂವರೆಗೆ ಆಶುಲಿಯಾ ರಸ್ತೆಯಲ್ಲಿ ಟಿಫಿನ್ ಡಬ್ಬಿ ಹಿಡಿದು ಸಾಲುಗಟ್ಟಿ ನಡೆಯುವ ಹುಡುಗಿಯರನ್ನು ಕಂಡಾಗ ನನಗೆ ಬೆಂಗಳೂರಿನ ಪೀಣ್ಯವೇ ಕಣ್ಣಮುಂದೆ ಬರುತ್ತದೆ.

ಆ ಅಂಗಿಗಳ ಬೆಲೆ ಎಷ್ಟೆಂದು 2013ರ ಏಪ್ರಿಲ್ 24ರಂದು ಜಗತ್ತಿಗೆ ತಿಳಿಯಿತು. ರಾಣಾ ಪ್ಲಾಜಾದ ಗೋಡೆಗಳು ಹಿಂದಿನ ದಿನವೇ ಬಿರುಕು ಬಿಟ್ಟಿದ್ದವು. ಅದೇ ಕಟ್ಟಡದ ಬ್ಯಾಂಕ್ ತನ್ನ ನೌಕರರನ್ನು ಮನೆಗೆ ಕಳಿಸಿತು. ಹೊಲಿಯುವವರನ್ನು ಮಾತ್ರ ಮರುದಿನ ಒಳಗೆ ಅಟ್ಟಿದರು. ಸತ್ತವರು 1,100ಕ್ಕೂ ಹೆಚ್ಚು. ಆಮೇಲೆ ತಪಾಸಣೆಗಳು ಬಂದವು, ತುರ್ತು ಬಾಗಿಲುಗಳ ಬೀಗ ತೆಗೆದದ್ದನ್ನು ನಾನೇ ನೋಡಿದೆ. ಅಲ್ಲಿಯವರೆಗೆ ಬೀಗ ಹಾಕಿರುತ್ತಿದ್ದುದನ್ನೂ ನೋಡಿದ್ದೆ. ಖರೀದಿದಾರರು ಅಂಗಿಯ ದರ ಹೆಚ್ಚಿಸಿದ್ದನ್ನು ಮಾತ್ರ ಅಷ್ಟಾಗಿ ಕಾಣಲಿಲ್ಲ.

ಆಪಾ ಕೆಲಸಕ್ಕೆ ಸೇರಿದ ವರ್ಷ, 1994ರಲ್ಲಿ, ಗಾರ್ಮೆಂಟ್ಸ್‌ನ ಕನಿಷ್ಠ ಕೂಲಿ ತಿಂಗಳಿಗೆ 930 ಟಾಕಾ. 2023ರ ಡಿಸೆಂಬರ್‌ನಿಂದ ಅದು 12,500. ಬೆಲೆಯೇರಿಕೆ ಲೆಕ್ಕಹಾಕಿದರೆ ಹಿಗ್ಗುವಂಥದ್ದೇನಲ್ಲ. ಆದರೆ ಆ ದುಡ್ಡಿನಲ್ಲೇ ಆಪಾ ಊರಲ್ಲಿ ತಾಯಿಗೆ ತಗಡಿನ ಮನೆ ಕಟ್ಟಿಸಿದರು, ಇಬ್ಬರು ಮಕ್ಕಳನ್ನು ಓದಿಸಿದರು. ಮೊದಲು ಊರಿಗೆ ಹೋಗಬೇಕಾದರೆ ಮಾವಾ ಘಾಟ್‌ನಲ್ಲಿ ದೋಣಿಗಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. ಮಂಜು ಬಿದ್ದರೆ ಇಡೀ ರಾತ್ರಿ. 2022ರ ಜೂನ್‌ನಲ್ಲಿ 6.15 ಕಿಲೋಮೀಟರಿನ ಪದ್ಮಾ ಸೇತುವೆ ತೆರೆದ ಮೇಲೆ ನದಿ ದಾಟುವುದು ಕೆಲವೇ ನಿಮಿಷದ ಮಾತು.

2024ರ ಜುಲೈನಲ್ಲಿ ಸರ್ಕಾರಿ ನೌಕರಿಯ ಮೀಸಲಾತಿ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದು, ಆಗಸ್ಟ್‌ನಲ್ಲಿ ಸರ್ಕಾರವೇ ಉರುಳಿದಾಗ, ಇಲ್ಲಿನ ಟಿವಿಗಳು ಅದರಲ್ಲಿ ಸಂಚುಗಳನ್ನೇ ಹುಡುಕಿದವು. ನನಗೆ ನೆನಪಾದದ್ದು ಆಪಾರ ಮಗಳು. ಬದುಕುಳಿದ, ಓದಿದ ಆ ಪೀಳಿಗೆಗೆ ಹೊಲಿಗೆ ಮೆಷಿನ್ ಬಿಟ್ಟರೆ ಬೇರೆ ನೌಕರಿ ಬಲು ಕಡಿಮೆ. "ಮಗಳನ್ನು ಫ್ಯಾಕ್ಟರಿಗೆ ಸೇರಿಸ್ತೀರಾ?" ಎಂದು ಹೋದ ಸಲ ಕೇಳಿದೆ.

"ನನ್ನ ಕುರ್ಚಿಯಲ್ಲೇ ಕೂರಿಸೋದಾಗಿದ್ರೆ ಬಿಎ ಯಾಕೆ ಓದಿಸ್ತಿದ್ದೆ ಭಾಯ್?" ಎಂದರು.

ಹುಡುಗಿ ಈಗ ಅಕ್ಕಪಕ್ಕದ ಮಕ್ಕಳಿಗೆ ಮನೆಪಾಠ ಹೇಳುತ್ತ ಸರ್ಕಾರಿ ನೌಕರಿಯ ಬಿಸಿಎಸ್ ಪರೀಕ್ಷೆಗೆ ಎರಡನೇ ಸಲ ಓದುತ್ತಿದ್ದಾಳೆ.