ಮನಸ್ಸನ್ನು ಅರಿಯುವ ವೃತ್ತಿಗಳು

ಯಶವಂತಪುರವನ್ನು ದಾಟಿ ಬಂದ ರೈಲುಮಾರ್ಗವು ಚಿಕ್ಕಬಾಣಾವರದಲ್ಲಿ ಕವಲೊಡೆಯುತ್ತದೆ. ಒಂದು ಕವಲು ತುಮಕೂರಿನತ್ತಲೂ ಇನ್ನೊಂದು ನೆಲಮಂಗಲದ ಮೂಲಕ ಹಾಸನದತ್ತಲೂ ಸಾಗುತ್ತದೆ. ಹಾಸನಕ್ಕೆ ಹೋಗಬೇಕಾದವನು ತುಮಕೂರಿನ ಗಾಡಿಯನ್ನು ಹತ್ತಿದರೆ ಅದು ಗಾಡಿಯ ತಪ್ಪಲ್ಲ. ಹತ್ತುವ ಮುನ್ನ ವಿಚಾರಿಸದವನ ತಪ್ಪು. ಮನಸ್ಸು ಮತ್ತು ಮಿದುಳುಗಳ ಅಧ್ಯಯನವನ್ನು ಜೀವನವೃತ್ತಿಯಾಗಿ ಆರಿಸಿಕೊಳ್ಳಲು ಬಯಸುವ ವಿದ್ಯಾರ್ಥಿಗಳಿಗೂ ಈ ಮಾತು ಸಲ್ಲುತ್ತದೆ.

ನಮ್ಮ ನಾಡಿಗೆ ಈ ಅಧ್ಯಯನ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಡಾ. ಎಂ. ವಿ. ಗೋಪಾಲಸ್ವಾಮಿಯವರು ಅದನ್ನು ಬೆಳೆಸಿದರು. ಬೆಂಗಳೂರಿನಲ್ಲಿ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ‘ನಿಮ್ಹಾನ್ಸ್’ ಎಂಬ ಹೆಸರು ಪಡೆದವು.

ಈ ಕ್ಷೇತ್ರದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಮನೋವೈದ್ಯನಾಗಬಯಸುವವನು ಪದವಿಪೂರ್ವ ತರಗತಿಯಲ್ಲಿ ಜೀವಶಾಸ್ತ್ರವನ್ನು ಓದಿ, ವೈದ್ಯಪದವಿ ಪಡೆದು, ಬಳಿಕ ಮನೋರೋಗಗಳಲ್ಲಿ ವಿಶೇಷ ಶಿಕ್ಷಣ ಹೊಂದಬೇಕು. ರೋಗಿಗೆ ಔಷಧವನ್ನು ಬರೆದುಕೊಡುವವನು ಅವನು. ಚಿಕಿತ್ಸಾ ಮನಶ್ಶಾಸ್ತ್ರಜ್ಞನು ಪರೀಕ್ಷೆ ಹಾಗೂ ಮಾತುಕತೆಗಳ ಮೂಲಕ ನೆರವಾಗುತ್ತಾನೆ. ಕಲಾ ವಿಭಾಗದವರಿಗೂ ಈ ದಾರಿ ತೆರೆದಿದೆ; ಆದರೆ ಮನಶ್ಶಾಸ್ತ್ರದ ಪದವಿಯೊಂದೇ ಸಾಲದು, ಆಸ್ಪತ್ರೆಯಲ್ಲಿ ಪಡೆದ ಮಾನ್ಯ ತರಬೇತಿಯೂ ನೋಂದಣಿಯೂ ಅವಶ್ಯಕ. ಮೂರನೆಯವನು ನರವಿಜ್ಞಾನದ ಸಂಶೋಧಕ. ಭಾರತೀಯ ವಿಜ್ಞಾನ ಸಂಸ್ಥೆಯಂತಹ ಕಡೆಗಳಲ್ಲಿ ಮಿದುಳಿನ ಕಾರ್ಯವನ್ನು ಶೋಧಿಸುವವರಲ್ಲಿ ಜೀವಶಾಸ್ತ್ರ, ಭೌತಶಾಸ್ತ್ರ, ಗಣಿತ, ಎಂಜಿನಿಯರಿಂಗ್ ಓದಿದವರೂ ಇದ್ದಾರೆ. ಇವಲ್ಲದೆ ಶಾಲೆಗಳಲ್ಲಿ ಆಪ್ತಸಲಹೆಗಾರರಾಗಿ, ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ನೌಕರರ ಆಯ್ಕೆ, ತರಬೇತಿ ಮತ್ತು ಸುರಕ್ಷತೆಯ ಕೆಲಸಗಳಲ್ಲಿಯೂ ಮನಶ್ಶಾಸ್ತ್ರ ಬಲ್ಲವರಿಗೆ ಅವಕಾಶವುಂಟು.

ತರಬೇತಿಗೆ ಇಷ್ಟು ಮಹತ್ವವೇಕೆ? ದಿನವೂ ತಲೆನೋವೆನ್ನುವ ಬಾಲಕನಿಗೆ ಪರೀಕ್ಷೆಯ ಭಯವಿರಬಹುದು, ಕಣ್ಣಿನ ದೋಷವಿರಬಹುದು, ಅಪರೂಪವಾಗಿ ಮಿದುಳಿನ ಕಾಯಿಲೆಯೂ ಇರಬಹುದು. ಅರೆಕಲಿತವನು ಮೊದಲನೆಯದನ್ನೇ ನಿಜವೆಂದು ನಂಬಿ ಧೈರ್ಯ ಹೇಳಿ ಕಳುಹಿಸಿದರೆ, ಅಮೂಲ್ಯವಾದ ಕಾಲವು ಕಳೆದುಹೋಗುತ್ತದೆ. ತನಗೆ ತಿಳಿಯದುದನ್ನು ಗುರುತಿಸಿ, ತಿಳಿದವರ ಬಳಿಗೆ ಕಳುಹಿಸುವುದೂ ಈ ವೃತ್ತಿಯ ವಿದ್ಯೆಯೇ.

ಇದಕ್ಕೆ ಸಿದ್ಧತೆಯನ್ನು ಇಂದೇ ಆರಂಭಿಸಬಹುದು. ಮನಶ್ಶಾಸ್ತ್ರಕ್ಕೆ ಲೆಕ್ಕ ಬೇಡವೆಂದು ತಿಳಿಯುವವರುಂಟು. ಆದರೆ ಸಂಖ್ಯಾಶಾಸ್ತ್ರವಿಲ್ಲದೆ ಅಲ್ಲಿ ಯಾವ ಪ್ರಯೋಗದ ಫಲವನ್ನೂ ನಿರ್ಣಯಿಸಲಾಗದು. ಇತರರ ಮಾತನ್ನು ನಡುವೆ ತಡೆಯದೆ ಕೇಳುವುದನ್ನೂ ಕೇಳಿದ ಗುಟ್ಟನ್ನು ಕಾಯುವುದನ್ನೂ ರೂಢಿಸಿಕೊಳ್ಳಬೇಕು. ಭಾಷೆಯೂ ಅಷ್ಟೇ ಮುಖ್ಯ. ನೊಂದವರು ರೋಗದ ಹೆಸರನ್ನು ಹೇಳುವುದಿಲ್ಲ. “ಎದೆ ಭಾರವಾಗಿದೆ”, “ಯಾವುದೂ ಬೇಡವೆನಿಸುತ್ತದೆ” ಎನ್ನುತ್ತಾರೆ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಕರೆ ಮಾಡುವವರು ಕನ್ನಡದಲ್ಲಿಯೂ ತಮ್ಮ ಅಳಲನ್ನು ಹೇಳಿಕೊಳ್ಳಬಹುದು. ಆ ಕನ್ನಡವನ್ನು ಅರಿತು ಉತ್ತರಿಸುವವರು ನಮ್ಮ ಶಾಲೆಗಳಿಂದಲೇ ಬರಬೇಕು.

ಆದುದರಿಂದ ಹತ್ತನೆಯ ತರಗತಿಯ ಬಳಿಕ ವಿಷಯಗಳನ್ನು ಆರಿಸುವಾಗ ಗೆಳೆಯರನ್ನು ಅನುಸರಿಸದೆ, ತಾನು ಸೇರಬೇಕಾದ ಊರು ಯಾವುದೆಂಬುದನ್ನು ಮೊದಲು ಯೋಚಿಸುವುದು ಲೇಸು.