ಗುಡ್ಡ ಹತ್ತುವ ಮುಂಚೆ ಗೈಡನ್ನು ನೋಡಿಕೊಳ್ಳಿ

ಹೈದರ್ ಅಲಿ ಫ್ರೆಂಚ್ ಎಂಜಿನಿಯರನೊಬ್ಬನಿಂದ ಬಳ್ಳಾರಿ ಕೋಟೆ ಕಟ್ಟಿಸಿದ. ಮುಗಿದ ಮೇಲೆ ನೋಡಿದರೆ ಪಕ್ಕದ ಕುಂಬಾರ ಗುಡ್ಡವೇ ಎತ್ತರ. ಅದರ ಮೇಲಿಂದ ಫಿರಂಗಿ ಹಾರಿಸಿದರೆ ಕೋಟೆಗೆ ಉಳಿಗಾಲವಿಲ್ಲ. ಸಿಟ್ಟಿಗೆದ್ದ ಹೈದರ್ ಎಂಜಿನಿಯರನನ್ನು ನೇಣಿಗೇರಿಸಿದ. ಬಳ್ಳಾರಿಯಲ್ಲಿ ಬಹಳ ಕಾಲದಿಂದ ಓಡಾಡುವ ಕಥೆ ಇದು. ಊರು ಸುತ್ತಿಸುವ ಗೈಡನ್ನು ಆರಿಸಲು ಇದೇ ನನ್ನ ಒರೆಗಲ್ಲು.

ಕಥೆ ಹೇಳಿ, ನಗಿಸಿ, ಮುಂದೆ ಸಾಗುವವರು ಬೇಕಾದಷ್ಟು ಸಿಗುತ್ತಾರೆ. ಕಸುಬು ಬಲ್ಲವರು "ಹಂಗಂತ ಮಂದಿ ಹೇಳ್ತಾರ್ರೀ" ಎಂದು ಅಲ್ಲಿಗೇ ನಿಲ್ಲಿಸಿ, ನಮ್ಮನ್ನು ಕುಂಬಾರ ಗುಡ್ಡದ ಕಡೆ ತಿರುಗಿಸುತ್ತಾರೆ. ಎತ್ತರದ ಲೆಕ್ಕ ನಮ್ಮ ಕಣ್ಣಿಗೇ ಬಿಟ್ಟಿದ್ದು. ಆಮೇಲೆ ಪಾಳೆಯಗಾರ ಹನುಮಪ್ಪ ನಾಯಕ ಮೊದಲೇ ಕಟ್ಟಿಸಿದ್ದ ಮೇಲ್ಕೋಟೆ ಯಾವುದು, 18ನೇ ಶತಮಾನದಲ್ಲಿ ಹೈದರ್ ಬುಡದಲ್ಲಿ ಸೇರಿಸಿದ ಕೆಳಕೋಟೆ ಯಾವುದು ಎಂದು ಬಿಡಿಸಿ ತೋರಿಸುತ್ತಾರೆ. ಎಲ್ಲಿ ನಿಲ್ಲಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಗೊತ್ತಿರುವುದೇ ಈ ಕಸುಬಿನ ಅರ್ಧ ವಿದ್ಯೆ.

ಇನ್ನರ್ಧ ಬಿಸಿಲನ್ನು ಅರಿತಿರುವುದು. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ಹತ್ತು ಗಂಟೆಗೆ ಕೋಟೆ ಹತ್ತೋಣ ಎನ್ನುವವರನ್ನು ನಂಬಬೇಡಿ. ಇಲ್ಲಿನ ಬಂಡೆ ಬೇಗ ಕಾಯುತ್ತದೆ, ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ಜಾರದ ಬೂಟು, ಟೊಪ್ಪಿಗೆ, ತಲೆಗೊಂದು ಬಾಟಲಿ ನೀರು ಇರಲಿ. ಇಳಿದು ಬಂದ ಮೇಲೆ ಒಗ್ಗರಣೆ, ಮಿರ್ಚಿ. ಇದನ್ನು ಬಳ್ಳಾರಿಯವರಿಗೆ ಬೇರೆ ಹೇಳಬೇಕಿಲ್ಲ.

ನವಶಿಲಾಯುಗದ ನೆಲೆಯಾದ ಸಂಗನಕಲ್ಲು ಬೆಟ್ಟಗಳಿಗೆ ಹೋಗುವುದಿದ್ದರೆ ಮೊದಲು ಊರೊಳಗಿನ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ನೋಡಿ. ನವಶಿಲಾಯುಗದ ಕೊಡಲಿಗಳು ಅಲ್ಲಿ ಕಣ್ಣಿಗೆ ರೂಢಿಯಾದರೆ ಬೆಟ್ಟದ ಮೇಲಿನ ಕಲ್ಲು ಬೇರೆಯಾಗಿ ಕಾಣುತ್ತದೆ. ಕಪ್ಪಗಲ್ಲು ಬಳಿಯ ಹಿರೇಗುಡ್ಡದಲ್ಲಿ ಬಿಳಿಚು ಗ್ರಾನೈಟಿನ ನಡುವೆ ಕಪ್ಪು ಡಾಲರೈಟ್ ಬಂಡೆಗಳು ಹಾದುಹೋಗಿವೆ. ಅವುಗಳ ಮೇಲೆ ಕುಟ್ಟಿ ಮೂಡಿಸಿದ ಡುಬ್ಬದ ಎತ್ತುಗಳ ಚಿತ್ರ ನೆತ್ತಿ ಬಿಸಿಲಲ್ಲಿ ಕರಗಿಹೋಗಿ, ಇಳಿಬಿಸಿಲಲ್ಲಿ ಎದ್ದು ನಿಲ್ಲುತ್ತದೆ. ಕೆಲವು ಬಂಡೆಗಳ ಗುಳಿಗಳಿಗೆ ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ನಿಮ್ಮ ಕೈಗೆ ಕಲ್ಲು ಕೊಟ್ಟು "ಬಾರಿಸಿ ನೋಡ್ರಿ" ಎನ್ನುವ ಗೈಡಿಗೆ ದೊಡ್ಡ ನಮಸ್ಕಾರ ಹಾಕಿ ಬನ್ನಿ. ಕಲ್ಲುಗಣಿಗೆ ಸಿಕ್ಕು ಈ ಬೆಟ್ಟ ಆಗಲೇ ಸಾಕಷ್ಟು ಸವೆದಿದೆ.

ಕುರುಗೋಡನ್ನು ಇದೇ ದಿನಕ್ಕೆ ತುರುಕಬೇಡಿ. ದೊಡ್ಡಬಸವೇಶ್ವರನ ಏಕಶಿಲಾ ನಂದಿಯ ಮುಂದೆ ನಿಂತು, ಸಿಂದ ಅರಸರ ಕಾಲದ ಗುಡಿಗಳನ್ನು ಸುತ್ತಿ ಬರುವುದಕ್ಕೇ ಒಂದು ಬೆಳಗು ಬೇಕು. ಸಿರುಗುಪ್ಪದ ಕಡೆ ಹೊರಟರೆ ದಾರಿಯಲ್ಲೇ ತೆಕ್ಕಲಕೋಟೆ ಸಿಗುತ್ತದೆ. ಅಲ್ಲಿಯೂ ನವಶಿಲಾಯುಗದ ನೆಲೆಯಿದೆ. ಅಲ್ಲಿಗೆ ಕರೆದೊಯ್ಯುವವರು ಭತ್ತದ ಗದ್ದೆ, ಕಾಲುವೆಗಳ ಬಗ್ಗೆಯೂ ನಾಲ್ಕು ಮಾತು ಬಲ್ಲವರೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ.